ಎರಿಕಾ ಬಾಡೂ ವಿಡಿಯೊಗಳಲ್ಲಿ ಮೊದಲು ಯಾವುದನ್ನು ನೋಡಲಿ?

ಪ್ರಶ್ನೆ: ಅಮೆರಿಕದ ಕಪ್ಪು ಜನರ ಸೋಲ್ ಸಂಗೀತ ನನಗೆ ಹೊಸದು. ಗಾಯಕಿ ಎರಿಕಾ ಬಾಡೂ ವಿಡಿಯೊಗಳನ್ನು ನೋಡು ಅಂತ ಗೆಳೆಯರು ಹೇಳುತ್ತಾರೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ‘ಹನಿ’ ಹಾಡಿನ ವಿಡಿಯೊದಿಂದ ಶುರು ಮಾಡಿ. ಹನಿ ಅಂದರೆ ಇಲ್ಲಿ ಜೇನು. ಬಾಡೂ ಅಮೆರಿಕದ ಡಲ್ಲಾಸ್ ಊರಿನವರು. ಅವರ ಮೊದಲ ಆಲ್ಬಮ್ ಬಂದದ್ದು 1997ರಲ್ಲಿ. ‘ಹನಿ’ ಅದಾಗಿ ಹತ್ತು ವರ್ಷದ ನಂತರದ್ದು. ಆದರೂ ಹೊಸಬರಿಗೆ ನಾನು ಇದನ್ನೇ ಮೊದಲು ತೋರಿಸುತ್ತೇನೆ.

ವಿಡಿಯೊ ನಡೆಯುವುದು ಒಂದು ರೆಕಾರ್ಡು ಅಂಗಡಿಯಲ್ಲಿ. ಹಳೇ ಎಲ್‌ಪಿಗಳನ್ನು ತಿರುವಿ ಹಾಕುತ್ತಾ ಹೋದ ಹಾಗೆ ಕವರ್ ಮೇಲಿನ ಚಿತ್ರಗಳಿಗೆ ಜೀವ ಬರುತ್ತದೆ. ನೋಡಿದರೆ, ಎಲ್ಲದರಲ್ಲೂ ಇರುವುದು ಬಾಡೂ ಅವರೇ! ಕರಗುತ್ತಿರುವ ಐಸ್‌ಕ್ರೀಂ ಹಿಡಿದ ಹಳೇ ಸೋಲ್ ಗಾಯಕಿ ಮಿನಿ ರಿಪರ್ಟನ್ ಆಗುತ್ತಾರೆ. ಫಂಕಡೆಲಿಕ್ ತಂಡದ ಕವರಿನಲ್ಲಿ ಮಣ್ಣಿನಿಂದ ತಲೆಯಷ್ಟೇ ಹೊರಗಿಟ್ಟು ಚೀರುವ ಹೆಂಗಸಾಗುತ್ತಾರೆ. ಗಾಯಕಿಯರಾದ ಗ್ರೇಸ್ ಜೋನ್ಸ್, ಡೈಯಾನಾ ರಾಸ್, ರ‍್ಯಾಪರ್ ನಾಸ್ ಎಲ್ಲರ ಕವರುಗಳೂ ಬರುತ್ತವೆ. ನನ್ನ ಮೇಲೆ ಇವರ ಋಣ ಇದೆ ಅಂತ ಬಾಡೂ ಹೇಳುತ್ತಿದ್ದಾರೆ ಅಂತಲೇ ನನಗೆ ಅನಿಸುವುದು. ಒಂದೊಂದು ಕವರಿಗೂ ವಿಡಿಯೊ ನಿಲ್ಲಿಸಿ, ಅದು ಯಾರದ್ದು ಅಂತ ಹುಡುಕಿ, ಒಂದು ಹಾಡು ಕೇಳಿ. ಸೋಲ್ ಕಲಿಯೋಕೆ ಇದಕ್ಕಿಂತ ಒಳ್ಳೇ ದಾರಿ ನನಗೆ ಗೊತ್ತಿಲ್ಲ. ಬಾಡೂ ಇನ್ನೊಬ್ಬರ ಜೊತೆ ಸೇರಿ ನಿರ್ದೇಶಿಸಿದ ಈ ವಿಡಿಯೊಗೆ 2008ರಲ್ಲಿ ಸಂಗೀತ ಚಾನೆಲ್ ಎಂಟಿವಿಯ ಅತ್ಯುತ್ತಮ ನಿರ್ದೇಶನ ಪ್ರಶಸ್ತಿ ಬಂತು.

ಆಮೇಲೆ ಹಿಂದಕ್ಕೆ ಹೋಗಿ, 1997ರ ‘ನೆಕ್ಸ್ಟ್ ಲೈಫ್‌ಟೈಮ್’ ನೋಡಿ. ಈಗಾಗಲೇ ಒಬ್ಬರ ಜೊತೆ ಬಾಳುತ್ತಿರುವ ಹೆಣ್ಣಿಗೆ ಇನ್ನೊಬ್ಬ ಇಷ್ಟವಾಗುತ್ತಾನೆ. ಮುಂದಿನ ಜನ್ಮದಲ್ಲಿ ಸಿಗೋಣ ಅನ್ನುತ್ತಾಳೆ. ಜನ್ಮಜನ್ಮದ ನಂಟು ನಮಗೇನು ಹೊಸದಲ್ಲ, ಅಲ್ವಾ? ವಿಡಿಯೊದಲ್ಲಿ ಆ ಜನ್ಮಗಳನ್ನೇ ತೋರಿಸುತ್ತಾರೆ: 1637ರ ಆಫ್ರಿಕಾ, 1968ರಲ್ಲಿ ಅಮೆರಿಕದ ಕಪ್ಪು ಜನರ ಹೋರಾಟದ ದಿನಗಳು, ಕೊನೆಗೆ 3037ರ ಆಫ್ರಿಕಾ. ಸಾಲುಗಳು ಪೂರ್ತಿ ಅರ್ಥವಾಗದಿದ್ದರೂ ಆ ಕಣ್ಣೋಟಗಳು ಸಾಕು.

‘ವಿಂಡೊ ಸೀಟ್’ ಕೊನೆಗಿರಲಿ. 2010ರ ಮಾರ್ಚ್‌ನಲ್ಲಿ, ಡಲ್ಲಾಸ್‌ನ ಡೀಲಿ ಪ್ಲಾಜಾದಲ್ಲಿ, ಅನುಮತಿ ಪಡೆಯದೆ ಒಂದೇ ಟೇಕ್‌ನಲ್ಲಿ ತೆಗೆದದ್ದು. 1963ರಲ್ಲಿ ಅಧ್ಯಕ್ಷ ಕೆನಡಿಗೆ ಗುಂಡು ಬಿದ್ದ ಜಾಗ ಅದು. ನಡೆಯುತ್ತಾ ನಡೆಯುತ್ತಾ ಬಾಡೂ ಮೈಮೇಲಿನ ಬಟ್ಟೆ ಒಂದೊಂದೇ ತೆಗೆಯುತ್ತಾರೆ. ಕೊನೆಗೆ ಗುಂಡಿನ ಸದ್ದು, ಅವರು ಬೀಳುತ್ತಾರೆ. ತಲೆಯಿಂದ ಹರಿಯುವ ನೀಲಿ ರಕ್ತ ಅಕ್ಷರಗಳಾಗುತ್ತದೆ: ‘ಗ್ರೂಪ್‌ಥಿಂಕ್’. ಸ್ವಂತ ಯೋಚನೆ ಬಿಟ್ಟು ಗುಂಪಿನ ಹಾಗೇ ಯೋಚಿಸುವುದಕ್ಕೆ ಈ ಹೆಸರು. ಸುತ್ತ ಇದ್ದವರು ನಟರಲ್ಲ, ದಾರಿಹೋಕರು. ಅವರಲ್ಲಿ ಮಕ್ಕಳೂ ಇದ್ದರು. ಅದಕ್ಕೇ ಗಲಾಟೆಯಾಯಿತು, 500 ಡಾಲರ್ ದಂಡವೂ ಬಿತ್ತು. ಮಕ್ಕಳ ವಿಷಯದಲ್ಲಿ ಆ ಆಕ್ಷೇಪ ಸರಿ ಅಂತ ನನಗೂ ಅನಿಸುತ್ತದೆ. ಆದರೆ ಅಷ್ಟು ಜನರ ನಡುವೆ ಒಬ್ಬಳೇ ಹಾಗೆ ನಡೆಯೋಕೆ ಎಷ್ಟು ಗುಂಡಿಗೆ ಬೇಕು! ‘ಹನಿ’ಯಲ್ಲಿ ಬೇರೆಯವರ ವೇಷಗಳನ್ನು ಹಾಕಿದ್ದವರು ಇವರೇ ಅನ್ನುವುದನ್ನು ನೆನಪಿಟ್ಟುಕೊಂಡು ನೋಡಿ.