ಕಾಸ್ರೋಡಿಂದ ಮಂಗ್ಳೂರಿಗೆ ಹಾಯಿ ಬೋಟಲ್ಲಿ ಇಡೀ ದಿನ ಯಾಕೆ ಬೇಕು?

ಪ್ರಶ್ನೆ: ರೈಲಲ್ಲಿ ಒಂದು ಗಂಟೆ ದಾರಿ. ನೀವು ಬೆಳಗ್ಗೆ ಆರಕ್ಕೆ ಬಿಟ್ಟು ಮಂಗ್ಳೂರು ಸೇರುವಾಗ ಕತ್ತಲೆ ಆಯ್ತಂತೆ. ಗಾಳಿ ಇರ್ಲಿಲ್ವಾ?

ಗಾಳಿ ಬೇಕಾದಷ್ಟು ಇತ್ತು ಮಾರಾಯ್ರೆ, ಆದ್ರೆ ಬಂದದ್ದು ನಾವು ಹೋಗ್ಬೇಕಾದ ಕಡೆಯಿಂದ್ಲೇ! ಚಂದ್ರಗಿರಿ ಅಳಿವೆಯಿಂದ ನೇತ್ರಾವತಿ ಅಳಿವೆಗೆ ಸಮುದ್ರದಲ್ಲಿ ಹೆಚ್ಚುಕಮ್ಮಿ 24 ನಾಟಿಕಲ್ ಮೈಲು, ಅಂದ್ರೆ ಸುಮಾರು 45 ಕಿಲೋಮೀಟರ್. ನಮ್ದು 30 ಅಡಿ ಬೋಟು, ಗಂಟೆಗೆ 5 ಮೈಲು ಹೋದ್ರೆ ನಮಗೆ ಹಬ್ಬ, ಗಾಳಿ ಎಷ್ಟು ಜೋರಿದ್ರೂ ಈ ಉದ್ದದ ಬೋಟು 7ರ ಹತ್ರ ಹೋಗಿ ನಿಲ್ತದೆ, ತಾನೇ ಎಬ್ಬಿಸಿದ ಅಲೆ ದಾಟ್ಲಿಕ್ಕೆ ಅದಕ್ಕೆ ಆಗುದಿಲ್ಲ. ಕಾಗದದ ಲೆಕ್ಕದಲ್ಲಿ ಐದು ಗಂಟೆ.

ಆದ್ರೆ ಜನವರಿಲಿ ಬೆಳಗ್ಗೆ ದಡದ ಕಡೆಯಿಂದ ತಣ್ಣಗೆ ಒಂದು ಗಾಳಿ ಬರ್ತದೆ, ಅದು ಬಿಸಿಲು ಏರಿದ ಹಾಗೆ ಸತ್ತು ಹೋಗ್ತದೆ. ನಮಗೆ ಸತ್ತದ್ದು ಕುಂಬ್ಳೆ ಎದುರು. ಎರಡು ಗಂಟೆ ಹಾಯಿ ಪಟಪಟ, ಬೋಟು ತೊಟ್ಟಿಲಿನ ಹಾಗೆ ಆ ಕಡೆ ಈ ಕಡೆ, ದಡದಲ್ಲಿ ರೈಲು ಹೋಗುದು ನೋಡ್ತಾ ಅವಲಕ್ಕಿ ತಿಂದದ್ದೇ ಬಂತು. ಆಮೇಲೆ ಎದ್ದದ್ದು ವಾಯುವ್ಯದ ಕಡಲಗಾಳಿ, ನಮ್ಮ ಮುಖಕ್ಕೇ. ಎದುರುಗಾಳಿಗೆ ಹಾಯಿ ಬೋಟು ನೆಟ್ಟಗೆ ಹೋಗುದಿಲ್ಲ, 45 ಡಿಗ್ರಿ ಓರೆಯಲ್ಲಿ ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಅಂಕುಡೊಂಕಾಗಿ ಹೋಗ್ಬೇಕು, ಉಳಿದ 15 ಮೈಲು 20 ಆಯ್ತು.

ಇಂಜಿನ್ ಹಾಕ್ಬಹುದಿತ್ತಲ್ವಾ ಅಂತ ಕೇಳ್ತೀರಿ. ಹಾಕಿದ್ದೆವು, ಹತ್ತು ನಿಮಿಷ. ಮುಂದೆ ಕೂತವ ಥರ್ಮಾಕೋಲ್ ತುಂಡು, ಖಾಲಿ ಎಣ್ಣೆ ಕ್ಯಾನ್ ಎಲ್ಲಿ ತೇಲ್ತಾ ಉಂಟು ಅಂತ ಕಣ್ಣಿಟ್ಟಿರ್ಬೇಕು, ಅಲ್ಲಿ ಬಲೆ ಇರ್ತದೆ. ಅವ ಫೋನ್ ನೋಡಿದ. ಬಲೆಯ ಹಗ್ಗ ಪ್ರೊಪೆಲ್ಲರಿಗೆ ಸುತ್ತಿ ಇಂಜಿನ್ ಗಕ್ಕ ನಿಂತಿತು, ಫೋನ್ ನೋಡಿದವನೇ ಚೂರಿ ಹಿಡ್ಕೊಂಡು ನೀರಿಗೆ ಇಳಿದ, ನ್ಯಾಯ.

ಮೂರೂವರೆಗೆ ಅಳಿವೆ ಬಾಯಿಗೆ ಬಂದೆವು, ಆದ್ರೆ ಒಳಗೆ ಹೋಗ್ಲಿಲ್ಲ. ಇಳಿತದ ಹೊತ್ತು, ನದಿ ನೀರು ಹೊರಗೆ ನುಗ್ತಾ ಉಂಟು, ಎದುರಿಂದ ಸಮುದ್ರದ ಅಲೆ, ಎರಡೂ ಢಿಕ್ಕಿ ಆಗುವಲ್ಲಿ ಅಲೆ ಗೋಡೆಯ ಹಾಗೆ ಎದ್ದು ಒಡೀತದೆ. ದೊಡ್ಡ ಟ್ರಾಲ್ ಬೋಟಿನವ್ರು ಆ ಜಾಗ ಅಂಗೈ ಗೆರೆ ಹಾಗೆ ಬಲ್ಲವ್ರು, ಹೋಗ್ತಾರೆ, ನಾಲ್ಕು ಜನ ಹವ್ಯಾಸದವ್ರು ಹೋಗ್ಬಾರ್ದು. ಆರು ಗಂಟೆವರೆಗೆ ಹೊರಗೇ ಸುತ್ತಿ, ನೀರು ಏರ್ಲಿಕ್ಕೆ ಶುರುವಾದ ಮೇಲೆ ನುಗ್ಗಿ, ದಕ್ಕೆಯಲ್ಲಿ, ಅಂದ್ರೆ ಬೋಟು ಕಟ್ಟುವ ಕಟ್ಟೆಯಲ್ಲಿ, ಯಾರದ್ದೋ ಬೋಟಿನ ಪಕ್ಕಕ್ಕೆ ಹಗ್ಗ ಕಟ್ಟಿ, ಮೂರು ಬೋಟು ಹತ್ತಿಳಿದು ನೆಲ ಮುಟ್ಟಿದೆವು. ನನ್ನ ಪ್ರಕಾರ ಇಂಥ ಸಣ್ಣ ಟ್ರಿಪ್ಪಿಗೆ ಹೊರಡುವ ಟೈಮ್ ಕೇಳ್ಲೇಬಾರ್ದು, ಸೇರುವ ಅಳಿವೆಯಲ್ಲಿ ಉಬ್ಬರ ಯಾವಾಗ ಅಂತ ನೋಡಿ ಹಿಂದಕ್ಕೆ ಎಣಿಸ್ಬೇಕು. ನಾವು ಎಣಿಸಿರ್ಲಿಲ್ಲ.

ಬೋಟು ಅಲ್ಲೇ ಬಿಟ್ಟು ಆರು ದಿನ ಕಳೆದು ವಾಪಸು ಹೊರಟೆವು. ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ತಡ ಆಗ್ತಾ ಬಂದು ಈಗ ಸಂಜೆ ನಾಲ್ಕರ ಹತ್ರ ಇತ್ತು, ಅದೇ ವಾಯುವ್ಯ ಗಾಳಿ ಬೆನ್ನಿಗೆ. ಹನ್ನೊಂದೂವರೆಗೆ ಬಿಟ್ಟವ್ರು ನಾಲ್ಕಕ್ಕೆ ಚಂದ್ರಗಿರಿ ಒಳಗೆ, ಮಂಜೇಶ್ವರ ದಾಟಿದ್ದು ಊಟ ಮಾಡುವಾಗ ಗೊತ್ತೂ ಆಗ್ಲಿಲ್ಲ.