ಟಾಪು ಕೊಯ್ದ ಪದ್ಮಿನಿಗೆ ಬೆಲೆ ಎಷ್ಟು?

ಹೋದ ದೀಪಾವಳಿಗೆ ಮುಂಚೆ ಗದಗಿನ ಹುಡುಗನೊಬ್ಬ ಫೋನ್ ಮಾಡಿದ. ಅವರಪ್ಪ ನನಗೆ ಹಳೇ ಪರಿಚಯ, ಅವರ ಲಾರಿಗಳ ಇನ್ಶೂರೆನ್ಸ್ ಸರ್ವೇ ಎಷ್ಟೋ ಸಲ ಮಾಡಿದ್ದೇನೆ. “ಸರ್ರ, ಹುಬ್ಬಳ್ಳ್ಯಾಗ ಒಂದ್ ಪದ್ಮಿನಿ ಕಾರ್ ಲಿಲಾವಿಗೆ ಬಂದೈತ್ರಿ. ಓಪನ್ ಟಾಪ್ ಮಾಡ್ಸಿದ್ದು. ನಾಕ್ ಲಕ್ಷದಿಂದ ಸವಾಲ್ ಶುರು ಅಂತ. ಹಿಡೀಲೇನ್ರಿ?”

ನೋಡದೆ ಹೇಗೆ ಹೇಳಲಿ, ಬಾ ಅಂದೆ.

ಸಾಲದ ವಸೂಲಿಗೆ ಜಪ್ತಿಯಾಗಿ ಹರಾಜಿಗೆ ಬಂದ ಗಾಡಿ ಅದು. ಗೋಕುಲ ರೋಡ್ ಕಡೆ ಒಂದು ಗೋಡೌನಿನಲ್ಲಿ ನಿಲ್ಲಿಸಿದ್ದರು. ಕೆಂಪು ಬಣ್ಣ ಫಳಫಳ. ತಲೆ ಮೇಲೆ ಟಾಪಿಲ್ಲ. ಹಿಂದಿನ ಎರಡೂ ಬಾಗಿಲಿಗೆ ವೆಲ್ಡಿಂಗ್ ಹೊಡೆದು ಮುಚ್ಚಿದ್ದಾರೆ. ಅಲಾಯ್ ವೀಲು, ಅಗಲ ಟೈರು. ಸ್ಟೇರಿಂಗ್ ಪಕ್ಕ ಇರಬೇಕಾದ ಗೇರ್ ಕಡ್ಡಿ ಮಾಯವಾಗಿ, ನೆಲದಿಂದ ಬೇರೊಂದು ಎದ್ದಿದೆ. ಹುಡುಗನ ಕಣ್ಣು ಗಾಡಿ ಬಿಟ್ಟು ಕದಲಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಚಂದವೇ ಕಂಡಿತು.

ಆರ್‌ಸಿ ಕೇಳಿ ಇಸಿದುಕೊಂಡೆ. 1974ರ ಗಾಡಿ. ಬಣ್ಣ ಕ್ರೀಮು. ಬಾಡಿ ಸಲೂನ್, ಅಂದರೆ ಟಾಪು ಇರುವ ನಾಲ್ಕು ಬಾಗಿಲಿನ ಕಾರು. ಇಂಜಿನ್ 1089 ಸಿಸಿ. ಕಾಗದಕ್ಕೂ ಎದುರಿಗೆ ನಿಂತ ಗಾಡಿಗೂ ತಾಳೆ ಆದದ್ದು ಚಾಸಿ ನಂಬರ್ ಒಂದೇ.

ಈ ಮಾಡೆಲ್ ಮೊದಲು 1964ರಲ್ಲಿ ಮುಂಬೈಯ ಪ್ರೀಮಿಯರ್ ಕಾರ್ಖಾನೆಯಿಂದ ಫಿಯಾಟ್ 1100 ಡಿಲೈಟ್ ಅಂತ ಹೊರಬಂತು. ಪದ್ಮಿನಿ ಅನ್ನುವ ಹೆಸರು ಬಂದದ್ದು 1974ರಲ್ಲಿ. ನಮ್ಮ ಕಡೆ ಅದನ್ನು ಪದ್ಮಿನಿ ಅಂದವರು ಕಡಿಮೆ, ಕೊನೇತನಕ ಫಿಯಾಟೇ. ಧಾರವಾಡದಲ್ಲಿ ನಾನು ಸಣ್ಣವನಿದ್ದಾಗ ಅಂಬಾಸಿಡರ್ ನಿಂತರೆ ಸಾಹೇಬರು ಬಂದಿದ್ದಾರೆ ಅಂತ, ಫಿಯಾಟ್ ನಿಂತರೆ ಡಾಕ್ಟರು ಬಂದಿದ್ದಾರೆ ಅಂತ ಲೆಕ್ಕ.

ಈಗ ಟಾಪಿನ ವಿಷಯ. ಜೀಪಿಗೆ ಕೆಳಗೆ ಬೇರೆಯೇ ಚಾಸಿ, ಅಂದರೆ ಭಾರ ಹೊರುವ ಚೌಕಟ್ಟು ಇದೆ. ಆ ಕಾಲದ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರಿಗೂ ಇದೆ. ಮೇಲಿನದ್ದನ್ನು ಎತ್ತಿಟ್ಟರೂ ಕೆಳಗಿನ ಗಟ್ಟಿತನ ಹಾಗೇ ಉಳಿಯುತ್ತದೆ. ಫಿಯಾಟ್, ಅಂಬಾಸಿಡರ್ ಹಾಗಲ್ಲ. ಅವುಗಳ ಬಾಡಿಯೇ ಚಾಸಿ. ನೆಲ, ಕಂಬ, ಟಾಪು ಎಲ್ಲ ಕೂಡಿ ಭಾರ ಹೊರುತ್ತವೆ. ಮನೆಯಲ್ಲಿರುವ ಕಡ್ಡಿಪೆಟ್ಟಿಗೆ ತೆಗೆದುಕೊಳ್ಳಿ. ಮುಚ್ಚಿದ ಪೆಟ್ಟಿಗೆಯನ್ನು ಎರಡೂ ತುದಿ ಹಿಡಿದು ತಿರುಚಿ, ಸುಲಭಕ್ಕೆ ಬಗ್ಗಲ್ಲ. ಒಳಗಿನ ತಟ್ಟೆಯನ್ನಷ್ಟೇ ಹೊರಗೆ ತೆಗೆದು ತಿರುಚಿ. ಟಾಪು ಕೊಯ್ದ ಫಿಯಾಟ್ ಅಂದರೆ ಆ ತಟ್ಟೆ. ಹೊರದೇಶದ ಕಂಪನಿಗಳು ಓಪನ್ ಕಾರು ಮಾಡುವಾಗ ಕೆಳಗೆ ಎರಡೂ ಬದಿಗೆ ದಪ್ಪ ತಗಡಿನ ಪತ್ರಾ ಕೊಟ್ಟು, ಅಡ್ಡಪಟ್ಟಿ ಸೇರಿಸಿ ಆ ನಷ್ಟ ತುಂಬುತ್ತವೆ. ಗ್ಯಾರೇಜಿನಲ್ಲಿ ಗ್ರೈಂಡರ್ ಹಿಡಿದ ಮಿಸ್ತ್ರಿಗೆ ಆ ಲೆಕ್ಕ ಯಾರು ಹೇಳಿಕೊಡಬೇಕು? ಅವನು ಕೆಲಸದಲ್ಲಿ ಕಳ್ಳನಲ್ಲ. ಗಿರಾಕಿ ಕೇಳಿದ್ದನ್ನು ಮಾಡಿಕೊಟ್ಟಿದ್ದಾನೆ, ಅಷ್ಟೇ.

“ತಮ್ಮಾ, ಮದ್ಲ ಎಡಗಡೆ ಬಾಗಿಲಾ ತಗದು ಹಾಕು,” ಅಂದೆ. ಟಕ್ಕಂತ ಕೊಂಡಿಗೆ ಬಿತ್ತು. ಗೋಡೌನಿನ ಕಾವಲುಗಾರನಿಗೆ ಹೇಳಿ ಜಾಕ್ ತರಿಸಿ ಹಿಂದಿನ ಒಂದೇ ಗಾಲಿ ಎತ್ತಿಸಿದೆ. ಗೇಣು ಎತ್ತುವಷ್ಟರಲ್ಲಿ ಅದೇ ಬಾಗಿಲು ಕೊಂಡಿಗೆ ಕೂರಲಿಲ್ಲ. ಮೇಲಿನ ಸಂದು ಒಂದು ಬೆರಳು ಬಿಟ್ಟುಕೊಂಡಿತ್ತು, ಕೆಳಗಿನ ಮೂಲೆ ಪತ್ರಾಕ್ಕೆ ತಿಕ್ಕುತ್ತಿತ್ತು. ಗಾಡಿ ನಡುವಿನಲ್ಲಿ ತಿರುಚಿಕೊಳ್ಳುತ್ತಿದೆ ಅಂತ ಇದಕ್ಕಿಂತ ಚೆನ್ನಾಗಿ ಯಾವ ಮಷೀನೂ ತೋರಿಸಲ್ಲ. ಉಣಕಲ್ ದಾಟಿ ಒಂದು ದೊಡ್ಡ ಗುಂಡಿಗೆ ಗಾಲಿ ಇಳಿದರೆ ಬಾಗಿಲು ತಾನೇ ತೆರೆದುಕೊಳ್ಳಬಹುದು.

ಆಮೇಲೆ ಕಿಸೆಯಿಂದ ಮ್ಯಾಗ್ನೆಟ್ ತೆಗೆದೆ. ಹಳೇ ಸ್ಪೀಕರಿನಿಂದ ಕಿತ್ತದ್ದು, ಪೇಂಟಿಗೆ ಗೀರು ಬೀಳದಂತೆ ಧೋತರದ ಅರಿವೆ ಸುತ್ತಿದ್ದೇನೆ. ಬಾನೆಟ್ ಮೇಲೆ ಇಟ್ಟರೆ ಗಟ್ಟಿ ಹಿಡಿಯಿತು. ಬಾಗಿಲ ಕೆಳಗೆ ಬರುತ್ತಾ ಹಿಡಿತ ಸಡಿಲ. ಹಿಂದಿನ ಫೆಂಡರಿಗೆ ಬಂದಾಗ ಕೈಬಿಟ್ಟರೆ ಜಾರಿ ಬಿತ್ತು. ಅಲ್ಲಿ ಪತ್ರಾನೇ ಇಲ್ಲ, ಬರೀ ಪುಟ್ಟಿ. ಮುಚ್ಚಿದ ಬಾಗಿಲುಗಳ ಸಂದು ಕಾಣದಿರಲಿ ಅಂತ ಮೆತ್ತಿದ್ದು. ನಮ್ಮ ಕಡೆಯ ಎರಿ ಮಣ್ಣು ಬಾಗಿಲ ಕೆಳಗಿನ ಪೆಟ್ಟಿಗೆಯಲ್ಲಿ ಕೂತರೆ ತಿಂಗಳುಗಟ್ಟಲೆ ಹಸಿ ಹಿಡಿದುಕೊಳ್ಳುತ್ತದೆ, ಜಂಗು ಒಳಗಿಂದ ತಿನ್ನುತ್ತದೆ. ಹಾಗಾಗಿ ನಾನು ಯಾವಾಗಲೂ ಕೇಳುವ ಮೊದಲ ಪ್ರಶ್ನೆ ಗಾಡಿ ಯಾವ ಊರಲ್ಲಿ ನಿಂತಿತ್ತು ಅಂತ. ಮುಂಡರಗಿ, ರೋಣದ ಒಣ ಹವೆಯಲ್ಲಿ ನಿಂತ ಗಾಡಿಗೆ ಕಣ್ಮುಚ್ಚಿ ನಾಲ್ಕು ಕಾಸು ಜಾಸ್ತಿ ಕೊಡಬಹುದು. ಕಾರವಾರದಿಂದ ಬಂದಿದ್ದರೆ ಕಣ್ತೆರೆದು ಕೂಡ ಬೇಡ.

ಬಾನೆಟ್ ಎತ್ತಿದರೆ ಒಳಗೆ 118ಎನ್‌ಇ ಗಾಡಿಯ ಇಂಜಿನ್ನು. ಅದೂ ಪ್ರೀಮಿಯರ್ ಕಂಪನಿಯದೇ, ನಿಸಾನ್ ಮೂಲದ 1171 ಸಿಸಿ. ಓಡಿಸಲಿಕ್ಕೆ ಹಳೆಯದಕ್ಕಿಂತ ಎಷ್ಟೋ ವಾಸಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆರ್‌ಸಿಯಲ್ಲಿ ಅದು ಎಲ್ಲಿದೆ? ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಬಗ್ಗೆ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟ ಮಾಡಿದೆ: ತಯಾರಕರು ಕೊಟ್ಟ ಮೂಲ ವಿವರಕ್ಕೆ ಬೇರೆಯಾಗುವಂತೆ ಗಾಡಿ ಬದಲಿಸುವ ಹಾಗಿಲ್ಲ. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ 6 ತಿಂಗಳ ತನಕ ಜೈಲು, ಅಥವಾ ಎರಡೂ ಅಂತ ಬಂತು. ಈ ಗಾಡಿಯಲ್ಲಿ ಬದಲಾವಣೆ ಎಣಿಸಲು ನನ್ನ ಒಂದು ಕೈ ಬೆರಳು ಸಾಲಲಿಲ್ಲ.

“ಆದ್ರ ವಿಂಟೇಜ್ ಐತಲ್ರಿ,” ಅಂದ ಹುಡುಗ. ಹರಾಜಿನ ನೋಟಿಸಿನಲ್ಲೂ ಹಾಗೇ ಇತ್ತು, ವಿಂಟೇಜ್ ಅಂತ ದೊಡ್ಡ ಅಕ್ಷರದಲ್ಲಿ.

ಈ ಪದ ಯಾರ ಬಾಯಲ್ಲಿದೆ ಅನ್ನುವುದರ ಮೇಲೆ ಅರ್ಥ ಬದಲಾಗುತ್ತದೆ. ವಿಮೆಯವರ 2002ರ ಮೋಟಾರ್ ಟ್ಯಾರಿಫ್‌ನಲ್ಲಿ ವಿಂಟೇಜ್ ಅಂದರೆ 1940ರ ಡಿಸೆಂಬರ್ 31ಕ್ಕೆ ಮುಂಚೆ ತಯಾರಾದದ್ದು. ಸಾರಿಗೆ ಇಲಾಖೆಗೆ 2021ರ ನಿಯಮದಂತೆ ಮೊದಲ ನೋಂದಣಿಯಿಂದ 50 ವರ್ಷ ದಾಟಿದ್ದು, 20,000 ರೂಪಾಯಿ ಶುಲ್ಕ, ನಂಬರ್ ಪ್ಲೇಟಿನಲ್ಲಿ ‘ವಿಎ’ ಅಕ್ಷರ. ಅಲ್ಲೊಂದು ಷರತ್ತಿದೆ. ಚಾಸಿ, ಬಾಡಿ, ಇಂಜಿನ್ನು ದೊಡ್ಡ ಬದಲಾವಣೆ ಇಲ್ಲದೆ ಮೂಲ ರೂಪದಲ್ಲಿರಬೇಕು. ಇದಕ್ಕೆ ವಯಸ್ಸು ಆಗಿದೆ, ರೂಪ ಉಳಿದಿಲ್ಲ. ಇನ್ನು ಹರಾಜಿನ ನೋಟಿಸಿನಲ್ಲಿ ವಿಂಟೇಜ್ ಅಂದರೆ ಮಾಲೀಕರ ಅಜ್ಜ ಓಡಿಸುತ್ತಿದ್ದ ಗಾಡಿ ಅಂತ ತಿಳಿದುಕೊಳ್ಳಿ.

ಹುಡುಗ ಬಿಡಲಿಲ್ಲ. ಮೊಬೈಲ್ ತೆಗೆದು ಅಮೆರಿಕದ ಬ್ಯಾಟ್‌ಮೊಬೈಲ್ ತೋರಿಸಿದ. 1955ರ ಲಿಂಕನ್ ಫ್ಯೂಚುರಾ ಕಾರನ್ನು ಜಾರ್ಜ್ ಬ್ಯಾರಿಸ್ ಅನ್ನುವವರು ಟಿವಿ ಧಾರಾವಾಹಿಗಾಗಿ ಬದಲಿಸಿದ್ದು. 2013ರ ಹರಾಜಿನಲ್ಲಿ ಶುಲ್ಕ ಸೇರಿ 46 ಲಕ್ಷ ಡಾಲರಿಗೆ ಹೋಯಿತು. ಅದೂ ಕೊಯ್ದದ್ದೇ ಅಲ್ವಾ ಅನ್ನುವುದು ಅವನ ವಾದ. “ಖರೆ. ಆದ್ರ ಅದರಾಗ ಬ್ಯಾಟ್‌ಮನ್ ಕುಂತಿದ್ದ. ಇದರಾಗ ಯಾರ್ ಕುಂತಿದ್ರೋ?” ಅಂದೆ. ಕಾವಲುಗಾರ ನಕ್ಕುಬಿಟ್ಟ.

ನನ್ನ ಲೆಕ್ಕ ಸರಳ. ಬದಲಿಸಿದ ಹಳೇ ಗಾಡಿಗೆ ಬೆಲೆ ಕಟ್ಟುವಾಗ ಎರಡು ಪಟ್ಟಿ ಮಾಡುತ್ತೇನೆ. ಪಾನಾ ಹಾಕಿ ಬಿಚ್ಚಿದರೆ ಹಿಂದಕ್ಕೆ ಹೋಗುವಂಥದ್ದು ಒಂದು ಕಡೆ: ವೀಲು, ಸೀಟು, ಸ್ಟೇರಿಂಗು, ಮೂಲ ಇಂಜಿನ್ ಕೈಯಲ್ಲಿದ್ದರೆ ಇಂಜಿನ್ನೂ ಸಹ. ಇವಕ್ಕೆ ಬಿಚ್ಚಿ ಕೂಡಿಸುವ ಖರ್ಚಷ್ಟೇ ಕಳೆಯುತ್ತೇನೆ. ಗ್ರೈಂಡರ್, ಗ್ಯಾಸ್ ಕಟರ್ ಬಿದ್ದದ್ದು ಇನ್ನೊಂದು ಕಡೆ. ಅಲ್ಲಿ ಕಳೆಯುವುದು ಖರ್ಚಲ್ಲ, ಗಾಡಿಯೇ. ಕೊನೆಗೆ ಉಳಿಯುವುದು ಬಿಡಿಭಾಗ ಮತ್ತು ಗುಜರಿ ಬೆಲೆ. ಮಾಡಿಸಿದವರು ಐದಾರು ಲಕ್ಷ ಸುರಿದಿರಬಹುದು. ಆ ದುಡ್ಡು ಅವರ ಖುಷಿಗೆ ಹೋಯಿತು, ಕೊಳ್ಳುವವರು ಅದನ್ನು ತುಂಬಿಕೊಡಬೇಕಿಲ್ಲ. ಈ ಪದ್ಮಿನಿಗೆ ನಾನು ಬರೆದ ಮೊತ್ತ 70 ಸಾವಿರ, ಅದರಲ್ಲೂ ಅರ್ಧ ಆ ಇಂಜಿನ್ನು ಮತ್ತು ವೀಲಿನದ್ದು.

ಹರಾಜಿಗೆ ಹೋಗುವವರಿಗೆ ಕಾಗದದ ಮಾತು ಒಂದೆರಡು. ‘ಎಲ್ಲಿದೆಯೋ, ಹೇಗಿದೆಯೋ ಹಾಗೆ’ ಅಂತ ನೋಟಿಸಿನಲ್ಲಿದ್ದರೆ ಸವಾಲು ನಿಮಗಾದ ಮೇಲೆ ತಕರಾರು ತೆಗೆದರೆ ಯಾರೂ ಕೇಳಲ್ಲ. ಸರ್ಕಾರದ ಹರಾಜಿನಲ್ಲಿ ಕೊಂಡರೆ ಗಾಡಿ ಕೈಗೆ ಬಂದ 30 ದಿನದೊಳಗೆ ಅದನ್ನು ನಿಮ್ಮ ಹೆಸರಿಗೆ ಮಾಡಿಸಲು ಫಾರಂ 32 ಕೊಡಬೇಕು, ಜೊತೆಗೆ ಹರಾಜು ನಡೆಸಿದವರು ಸಹಿ ಮಾಡಿದ ಪತ್ರ. ಆರ್‌ಸಿ ನವೀಕರಣ ಬಾಕಿ ಇದೆಯೇ ನೋಡಿ. 15 ವರ್ಷ ದಾಟಿದ ಕಾರಿಗೆ 600 ಇದ್ದ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಯಿತು, 20 ದಾಟಿದ್ದಕ್ಕೆ 2025ರಲ್ಲಿ ಮತ್ತೆ ಏರಿತು. ಅದಕ್ಕಿಂತ ದೊಡ್ಡ ತೊಡಕು ತಪಾಸಣೆ. ಇನ್ಸ್‌ಪೆಕ್ಟರ್ ಎದುರಿಗೆ ಟಾಪಿಲ್ಲದ ಸಲೂನ್ ನಿಲ್ಲಿಸಿ ಏನಂತ ಹೇಳುತ್ತೀರಿ?

ಹುಡುಗ ಸವಾಲು ಹಿಡಿಯಲಿಲ್ಲ. ಒಂದು ವಾರ ನನ್ನ ಮೇಲೆ ಸಿಟ್ಟಿದ್ದ ಅಂತ ಅವರಪ್ಪ ಹೇಳಿದರು. ಮೊನ್ನೆ ಭಾನುವಾರ ವಿಡಿಯೋ ಕಾಲ್ ಬಂತು. ಮುಂಡರಗಿ ಹತ್ತಿರ ಯಾರದೋ ತಗಡಿನ ಶೆಡ್ಡು, ಒಳಗೆ ಧೂಳು ಹೊದ್ದ ಕ್ರೀಮ್ ಬಣ್ಣದ ಫಿಯಾಟು, ಟಾಪು ಇದೆ, ನಾಲ್ಕೂ ಬಾಗಿಲಿವೆ. ಹುಡುಗನ ಕೈಯಲ್ಲಿ ಅರಿವೆ ಸುತ್ತಿದ ಮ್ಯಾಗ್ನೆಟ್.

“ಸರ್ರ, ಎಡಗಡೆ ಬಾಗಿಲ ಕೆಳಗ ಹಿಡೀವಲ್ದರಿ.”

“ಎಷ್ಟ್ ಜಾಗಾ?”

“ನಾಕ್ ಬೆರಳರಿ.”

“ನಾಕ್ ಬೆರಳಾದ್ರ ನಡೀತೈತಿ. ಇನ್ನ ಬಗ್ಗಿ ನೆಲಕ್ಕ ಕೈ ಹಾಕು. ಮ್ಯಾಟ್ ಎತ್ತು ಮದ್ಲ.”