ಪೇಯ್ಡ್ ಸರ್ಚ್: ಹುಡುಕುವ ಪದಕ್ಕೆ ಕಟ್ಟುವ ಬೆಲೆ

ಮನೆಯ ಹೊಲಿಗೆ ಯಂತ್ರ ಕೈಕೊಟ್ಟಿದೆ. ಫೋನ್ ತೆಗೆದು ‘ಹೊಲಿಗೆ ಯಂತ್ರ ರಿಪೇರಿ’ ಎಂದು ಗೂಗಲ್‌ನಲ್ಲಿ ಹುಡುಕುತ್ತೀರಿ. ಬರುವ ಉತ್ತರಗಳಲ್ಲಿ ಮೇಲಿನ ಒಂದೆರಡರ ಜೊತೆ ‘ಪ್ರಾಯೋಜಿತ’ ಎಂಬ ಸಣ್ಣ ಗುರುತು ಇರುತ್ತದೆ. ಕೆಳಗಿನವಕ್ಕೆ ಇರುವುದಿಲ್ಲ. ಗುರುತು ಇರುವವು ಜಾಹೀರಾತುಗಳು. ಇಂಥ ಜಾಹೀರಾತು ಕೊಟ್ಟು ಜನರನ್ನು ತಮ್ಮ ವೆಬ್‌ಸೈಟ್‌ಗೆ ಕರೆತರುವುದಕ್ಕೆ ಪೇಯ್ಡ್ ಸರ್ಚ್ ಎನ್ನುತ್ತಾರೆ. ಕನ್ನಡದಲ್ಲಿ ‘ಹುಡುಕಾಟದ ಜಾಹೀರಾತು’ ಎಂದರೆ ಅರ್ಥ ಚೆನ್ನಾಗಿ ಕೂರುತ್ತದೆ.

ಇದರ ಜೊತೆಗೇ ಕೇಳಿಬರುವ ಇನ್ನೊಂದು ಮಾತು ಪಿಪಿಸಿ, ಅಂದರೆ ಪೇ ಪರ್ ಕ್ಲಿಕ್. ಎರಡೂ ಒಂದೇ ಎಂದು ತುಂಬ ಜನ ತಿಳಿದಿದ್ದಾರೆ. ಪಿಪಿಸಿ ಎಂಬುದು ದುಡ್ಡು ಕೊಡುವ ರೀತಿ. ಜಾಹೀರಾತು ಸುಮ್ನೆ ಕಂಡರೆ ಖರ್ಚಿಲ್ಲ, ಯಾರಾದರೂ ಅದನ್ನು ಒತ್ತಿದರೆ ಮಾತ್ರ ಲೆಕ್ಕ. ಬೇರೆ ಬಗೆಯ ಜಾಹೀರಾತಿಗೂ ಹೀಗೆ ದುಡ್ಡು ಕೊಡಬಹುದು. ಪೇಯ್ಡ್ ಸರ್ಚ್ ಎಂಬ ಹೆಸರು ಬರುವುದು ಜಾಹೀರಾತು ಹುಡುಕಾಟಕ್ಕೆ ಅಂಟಿಕೊಂಡಿದ್ದಾಗ ಮಾತ್ರ.

ಆ ಅಂಟಿನಲ್ಲೇ ಇದರ ಬಲ ಇರುವುದು. ಟಿವಿಯಲ್ಲಿ, ರಸ್ತೆ ಬದಿಯ ಫಲಕದಲ್ಲಿ ಬರುವ ಜಾಹೀರಾತು ಬೇರೆ ಏನೋ ಯೋಚಿಸುತ್ತಿರುವವರನ್ನು ತಡೆದು ಮಾತಾಡಿಸುತ್ತದೆ. ಇಲ್ಲಿ ಮೊದಲು ಬಾಯಿ ತೆರೆಯುವುದು ಗ್ರಾಹಕ. ತನಗೆ ಏನು ಬೇಕು ಎಂದು ಅವರೇ ಬರೆದು ಕೇಳಿದ್ದಾರೆ. ಅಂಗಡಿಯವರು ದುಡ್ಡು ಕೊಡುವುದು ಆ ಕ್ಷಣದಲ್ಲಿ ಎದುರಿಗೆ ನಿಲ್ಲುವುದಕ್ಕೆ.

ಕ್ಲಿಕ್ಕಿನ ಲೆಕ್ಕದ ಈ ಹರಾಜು ಶುರುವಾಗಿದ್ದು 1998ರಲ್ಲಿ. ಅಮೆರಿಕದ ಬಿಲ್ ಗ್ರಾಸ್ ಕಟ್ಟಿದ ಗೋಟು ಡಾಟ್ ಕಾಮ್ ಎಂಬ ಸರ್ಚ್ ಎಂಜಿನ್ ಪದಗಳನ್ನು ಹರಾಜಿಗೆ ಇಟ್ಟಿತು. ಯಾರು ಜಾಸ್ತಿ ಕೂಗುತ್ತಾರೋ ಅವರ ಹೆಸರು ಮೇಲೆ. ಆ ಕಂಪನಿ 2001ರಲ್ಲಿ ಓವರ್ಚರ್ ಎಂದು ಹೆಸರು ಬದಲಿಸಿತು, 2003ರಲ್ಲಿ ಯಾಹೂ ಅದನ್ನು ಕೊಂಡಿತು. ಗೂಗಲ್ ತನ್ನ ಜಾಹೀರಾತು ಸೇವೆ ಆಡ್‌ವರ್ಡ್ಸ್ ಅನ್ನು 2000ದ ಅಕ್ಟೋಬರ್‌ನಲ್ಲಿ 350 ಗ್ರಾಹಕರೊಂದಿಗೆ ತೆರೆಯಿತು. ಆಗ ಅಲ್ಲಿ ಕ್ಲಿಕ್ಕಿನ ಲೆಕ್ಕ ಇರಲಿಲ್ಲ, ಜಾಹೀರಾತು ಎಷ್ಟು ಸಲ ಕಂಡಿತು ಎಂಬುದಕ್ಕೆ ದುಡ್ಡು. 2002ರಲ್ಲಿ ಗೂಗಲ್ ಕೂಡ ಕ್ಲಿಕ್ಕಿನ ಹರಾಜಿಗೆ ಬಂತು, ಜೊತೆಗೆ ಒಂದು ಹೊಸ ನಿಯಮ ತಂದಿತು. ಬರೀ ಜಾಸ್ತಿ ಕೂಗಿದರೆ ಸಾಲದು, ಜನ ನಿಮ್ಮ ಜಾಹೀರಾತನ್ನು ಒತ್ತುತ್ತಾರಾ ಎಂಬುದೂ ಲೆಕ್ಕಕ್ಕೆ ಬರುತ್ತದೆ. ನನ್ನ ಪ್ರಕಾರ ಸಣ್ಣ ವ್ಯಾಪಾರಿಗಳಿಗೆ ಈ ಮೈದಾನದಲ್ಲಿ ಕಾಲಿಡಲು ಜಾಗ ಮಾಡಿಕೊಟ್ಟಿದ್ದು ಇದೇ ನಿಯಮ. 2018ರಿಂದ ಆಡ್‌ವರ್ಡ್ಸ್ ಹೆಸರು ಗೂಗಲ್ ಆಡ್ಸ್.

ಹರಾಜು ಹೇಗೆ ನಡೆಯುತ್ತದೆ ನೋಡೋಣ. ಯಾರಾದರೂ ಹುಡುಕಿದಾಗಲೆಲ್ಲ, ಪುಟ ತೆರೆದುಕೊಳ್ಳುವ ಅಷ್ಟು ಹೊತ್ತಿನಲ್ಲೇ ಹೊಸ ಹರಾಜು ಮುಗಿದಿರುತ್ತದೆ. ಒಂದು ಅಂಗಡಿ ಕ್ಲಿಕ್ಕಿಗೆ 10 ರೂಪಾಯಿವರೆಗೆ ಕೊಡಲು ಸಿದ್ಧ, ಅದರ ಜಾಹೀರಾತಿನ ಗುಣಮಟ್ಟ 4 ಎಂದುಕೊಳ್ಳಿ. ಗುಣಿಸಿದರೆ 40. ಇನ್ನೊಂದು ಅಂಗಡಿ 6ರವರೆಗೆ ಮಾತ್ರ ಕೊಡುತ್ತದೆ, ಆದರೆ ಗುಣಮಟ್ಟ 8. ಗುಣಿಸಿದರೆ 48. ಕಡಿಮೆ ಕೂಗಿದ ಎರಡನೆಯದೇ ಮೇಲೆ ಬರುತ್ತದೆ! ಅದು ಪೂರ್ತಿ 6 ಕೊಡಬೇಕಾಗಿಯೂ ಇಲ್ಲ. ಕೆಳಗಿನವರ 40ನ್ನು ದಾಟಲು ಎಷ್ಟು ಬೇಕೋ ಅಷ್ಟು, ಅಂದರೆ 5ಕ್ಕಿಂತ ಒಂದು ಚೂರು ಜಾಸ್ತಿ ಕೊಟ್ಟರೆ ಆಯಿತು. ನಿಜವಾದ ಲೆಕ್ಕದಲ್ಲಿ ಹುಡುಕುವವರು ಇರುವ ಊರು, ಹೊತ್ತು, ಕೈಯಲ್ಲಿರುವುದು ಫೋನೋ ಕಂಪ್ಯೂಟರೋ ಎಂಬುದೆಲ್ಲ ಸೇರುತ್ತದೆ. ತಿರುಳು ಮಾತ್ರ ಇದೇ.

ಗುಣಮಟ್ಟ ಎಂದರೆ ಏನು? ಜನ ಅದನ್ನು ಒತ್ತುವ ಸಾಧ್ಯತೆ ಎಷ್ಟು, ಕೇಳಿದ್ದಕ್ಕೂ ಜಾಹೀರಾತು ಹೇಳುವುದಕ್ಕೂ ಹೊಂದಿಕೆ ಇದೆಯೇ, ಒತ್ತಿದ ಮೇಲೆ ತೆರೆಯುವ ಪುಟ ಉಪಯೋಗಕ್ಕೆ ಬರುತ್ತದೆಯೇ ಎಂಬ ಮೂರು ಪ್ರಶ್ನೆಗಳು.

ಇನ್ನು ಕೀವರ್ಡ್, ಅಂದರೆ ಯಾವ ಹುಡುಕಾಟಕ್ಕೆ ಜಾಹೀರಾತು ಬರಬೇಕು ಎಂದು ನೀವು ಆರಿಸಿಡುವ ಪದ. ದುಡ್ಡು ಉಳಿಯುವುದೂ ಇಲ್ಲೇ, ಸೋರಿ ಹೋಗುವುದೂ ಇಲ್ಲೇ. ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ನೀವು ಹೊಲಿಗೆ ಯಂತ್ರ ಮಾರುತ್ತೀರಿ, ‘ಹೊಲಿಗೆ ಯಂತ್ರ’ ಎಂಬ ಕೀವರ್ಡ್ ಹಾಕಿದ್ದೀರಿ. ಇದು ನೀವು ಆರಿಸಿದ ಪದ. ಜನ ನಿಜವಾಗಿ ಬರೆಯುವುದು ಬೇರೆಯೇ ಇರುತ್ತದೆ. ಒಬ್ಬರು ‘ಹೊಲಿಗೆ ಯಂತ್ರ ಕಂಡುಹಿಡಿದವರು ಯಾರು’ ಎಂದು ಕೇಳುತ್ತಾರೆ. ಅದು ಶಾಲೆಯ ಮನೆಪಾಠ. ‘ಹೊಲಿಗೆ ಯಂತ್ರದಲ್ಲಿ ದಾರ ಪದೇ ಪದೇ ತುಂಡಾಗುತ್ತಿದೆ’ ಎನ್ನುವವರ ಹತ್ತಿರ ಆಗಲೇ ಯಂತ್ರ ಇದೆ. ‘ಹೊಲಿಗೆ ಕೆಲಸ ಬೇಕು’ ಎನ್ನುವವರಿಗೆ ಬೇಕಿರುವುದು ಸಂಬಳ. ‘ಹೊಸದಾಗಿ ಕಲಿಯುವವರಿಗೆ ಯಾವ ಹೊಲಿಗೆ ಯಂತ್ರ ಒಳ್ಳೆಯದು’ ಎಂದು ಬರೆದವರು ನಿಮ್ಮ ಗ್ರಾಹಕರು. ನಾಲ್ವರೂ ನಿಮ್ಮ ಜಾಹೀರಾತನ್ನು ಒತ್ತಿದರೆ ನಾಲ್ಕಕ್ಕೂ ದುಡ್ಡು ಹೋಗುತ್ತದೆ, ಅಲ್ವಾ?

ಇದನ್ನು ಹಿಡಿತದಲ್ಲಿಡಲು ಮ್ಯಾಚ್ ಟೈಪ್ ಇದೆ. ಕೀವರ್ಡ್ ಅನ್ನು ಎಷ್ಟು ಸಡಿಲವಾಗಿ ಓದಬೇಕು ಎಂದು ಗೂಗಲ್‌ಗೆ ಹೇಳುವ ದಾರಿ ಇದು. ಬ್ರಾಡ್ ಎಂದರೆ ಆ ವಿಷಯಕ್ಕೆ ಹತ್ತಿರದ ಏನೇ ಬಂದರೂ ಸರಿ. ಫ್ರೇಸ್ ಎಂದರೆ ಆ ಅರ್ಥ ಹುಡುಕಾಟದ ಒಳಗೆ ಇರಬೇಕು. ಎಕ್ಸಾಕ್ಟ್ ಎಂದರೆ ಅರ್ಥ ಅದೇ ಇರಬೇಕು. ಹೆಸರು ಎಕ್ಸಾಕ್ಟ್ ಆದರೂ ಅಕ್ಷರಕ್ಕೆ ಅಕ್ಷರ ಕೂಡಬೇಕೆಂದೇನಿಲ್ಲ, ಅದೇ ಅರ್ಥದ ಬೇರೆ ಮಾತುಗಳೂ ಒಳಗೆ ಬರುತ್ತವೆ. ಮ್ಯಾಚ್ ಟೈಪ್‌ನ ಗುರುತು ಏನೂ ಹಾಕದೆ ಬರೀ ಪದ ಬರೆದರೆ ಅದು ಬ್ರಾಡ್ ಆಗುತ್ತದೆ. ಹೊಸಬರ ಬಜೆಟ್ ಬೇಗ ಖಾಲಿಯಾಗುವುದಕ್ಕೆ ಇದೂ ಒಂದು ಕಾರಣ. ಬೇಡದ ಪದಗಳನ್ನು ತಡೆಯಲು ನೆಗೆಟಿವ್ ಕೀವರ್ಡ್ ಇದೆ. ‘ಕೆಲಸ’, ‘ಕಂಡುಹಿಡಿದವರು’ ಎಂದು ಅಲ್ಲಿ ಬರೆದಿಟ್ಟರೆ ಆ ಪದ ಇರುವ ಹುಡುಕಾಟಕ್ಕೆ ನಿಮ್ಮ ಜಾಹೀರಾತು ಹೋಗುವುದಿಲ್ಲ.

ಯಾವ ಪದ ತಡೆಯಬೇಕು ಎಂದು ತಿಳಿಯುವುದು ಸರ್ಚ್ ಟರ್ಮ್ಸ್ ವರದಿಯಿಂದ. ನಿಮ್ಮ ಜಾಹೀರಾತು ಕಾಣುವ ಮುಂಚೆ ಜನ ಏನು ಬರೆದಿದ್ದರು ಎಂಬ ಪಟ್ಟಿ ಅದು. ಎಲ್ಲ ಹುಡುಕಾಟವೂ ಅದರಲ್ಲಿ ಸಿಗುವುದಿಲ್ಲ, ತೀರಾ ಕಡಿಮೆ ಜನ ಹುಡುಕಿದ್ದನ್ನು ಗೂಗಲ್ ತೋರಿಸುವುದಿಲ್ಲ. ಆದರೂ ಇಡೀ ಖಾತೆಯಲ್ಲಿ ನನಗೆ ತುಂಬ ಇಷ್ಟವಾದ ಪುಟ ಅದೇ. ಗ್ರಾಹಕರು ತಮ್ಮ ಕಷ್ಟವನ್ನು ತಮ್ಮದೇ ಮಾತಿನಲ್ಲಿ ಹೇಳಿಕೊಂಡಿರುತ್ತಾರೆ. ಜಾಹೀರಾತಿನ ಸಾಲು ಬರೆಯಲು ಅದಕ್ಕಿಂತ ಒಳ್ಳೆಯ ಮೂಲ ಇಲ್ಲ.

ಬರೆಯಲು ಸಿಗುವ ಜಾಗ ಚಿಕ್ಕದು. ಒಂದು ತಲೆಬರಹಕ್ಕೆ 30 ಅಕ್ಷರ, ವಿವರಣೆಯ ಸಾಲಿಗೆ 90. ಇಂಥ 15 ತಲೆಬರಹ, 4 ವಿವರಣೆಗಳವರೆಗೆ ಕೊಡಬಹುದು, ಯಾವುದನ್ನು ಯಾವಾಗ ಜೋಡಿಸಬೇಕು ಎಂಬುದನ್ನು ಗೂಗಲ್ ನೋಡಿಕೊಳ್ಳುತ್ತದೆ. ಒತ್ತಿದ ಮೇಲೆ ತೆರೆಯುವ ಪುಟಕ್ಕೆ ಲ್ಯಾಂಡಿಂಗ್ ಪೇಜ್ ಎನ್ನುತ್ತಾರೆ. ರಿಪೇರಿ ಕೇಳಿ ಬಂದವರಿಗೆ ರಿಪೇರಿಯ ಪುಟವೇ ತೆರೆಯಬೇಕು. ವೆಬ್‌ಸೈಟ್‌ನ ಮುಖಪುಟದಲ್ಲಿ ಬಿಟ್ಟು ‘ಹುಡುಕಿಕೊಳ್ಳಿ’ ಎಂದರೆ ಅವರು ಹಿಂದೆ ಹೋಗಿ ಪಕ್ಕದ ಅಂಗಡಿ ಒತ್ತುತ್ತಾರೆ.

ಲಾಭ ಅಳೆಯುವುದು ಕ್ಲಿಕ್ಕಿನಿಂದಲ್ಲ, ಕನ್ವರ್ಷನ್‌ನಿಂದ. ಬಂದವರು ಕೊಂಡರೋ, ಫೋನ್ ಮಾಡಿದರೋ, ಫಾರಂ ತುಂಬಿದರೋ ಎಂಬುದೇ ಕನ್ವರ್ಷನ್. ಕ್ಲಿಕ್ಕಿಗೆ 5 ರೂಪಾಯಿಯಂತೆ 100 ಕ್ಲಿಕ್ ಬಂದರೆ ಖರ್ಚು 500. ಅವರಲ್ಲಿ 4 ಜನ ಕೊಂಡರೆ ಒಬ್ಬ ಗ್ರಾಹಕರಿಗೆ 125. ಒಂದು ಮಾರಾಟದಲ್ಲಿ ಉಳಿಯುವುದು ಅದಕ್ಕಿಂತ ಕಡಿಮೆ ಇದ್ದರೆ ಮಾರಿದಷ್ಟೂ ನಷ್ಟ. ಈ ಎಣಿಕೆಯನ್ನು ಮೊದಲ ದಿನವೇ ಜೋಡಿಸಿಡಬೇಕು, ಆಮೇಲೆ ನೋಡೋಣ ಎಂದು ಬಿಡಬಾರದು.

ದುಡ್ಡು ಕೊಡದೆ ಬರುವ ಕೆಳಗಿನ ಫಲಿತಾಂಶಗಳಿಗೆ ಆರ್ಗಾನಿಕ್ ಎಂದು ಹೆಸರು. ಜಾಹೀರಾತಿಗೆ ಎಷ್ಟೇ ಸುರಿದರೂ ಅಲ್ಲಿ ನಿಮ್ಮ ಸ್ಥಾನ ಏರುವುದಿಲ್ಲ ಎಂದು ಗೂಗಲ್ ಹೇಳುತ್ತದೆ. ದುಡ್ಡು ನಿಂತ ದಿನವೇ ಜಾಹೀರಾತೂ ನಿಲ್ಲುತ್ತದೆ.

ಕೊನೆಗೆ, ನಿಮ್ಮದೇ ಅಂಗಡಿಯ ಹೆಸರು ಬರೆದು ಹುಡುಕುವವರಿಗೂ ಜಾಹೀರಾತು ಕೊಡಬೇಕೇ ಎಂಬ ಪ್ರಶ್ನೆ. 2012ರಲ್ಲಿ ಆನ್‌ಲೈನ್ ಮಾರುಕಟ್ಟೆ ನಡೆಸುವ ಇಬೇ ಕಂಪನಿ ಇದನ್ನು ಪರೀಕ್ಷೆ ಮಾಡಿ ನೋಡಿತು. ಕೆಲವು ಸರ್ಚ್ ಎಂಜಿನ್‌ಗಳಲ್ಲಿ ತನ್ನ ಹೆಸರಿನ ಜಾಹೀರಾತು ನಿಲ್ಲಿಸಿತು. ಬರುವವರ ಸಂಖ್ಯೆ ಹೆಚ್ಚುಕಡಿಮೆ ಅಷ್ಟೇ ಉಳಿಯಿತು. ಜನ ಕೆಳಗಿನ ಆರ್ಗಾನಿಕ್ ಕೊಂಡಿ ಒತ್ತಿ ಬಂದರು. ಬೇರೆ ಪದಗಳ ಜಾಹೀರಾತಿನಲ್ಲೂ ಪದೇ ಪದೇ ಕೊಳ್ಳುವ ಹಳೆಯ ಗ್ರಾಹಕರ ಮೇಲೆ ಪರಿಣಾಮ ಕಾಣಲಿಲ್ಲ, ಹೊಸಬರು ಮತ್ತು ಅಪರೂಪಕ್ಕೆ ಕೊಳ್ಳುವವರು ಮಾತ್ರ ಅದರಿಂದ ಬಂದರು. ಇಬೇ ಎಲ್ಲರಿಗೂ ಗೊತ್ತಿರುವ ಹೆಸರು. ನಿಮ್ಮ ಅಂಗಡಿ ಅಷ್ಟು ಗೊತ್ತಿಲ್ಲದಿದ್ದರೆ, ಅಥವಾ ನಿಮ್ಮ ಹೆಸರು ಹುಡುಕಿದಾಗ ಪ್ರತಿಸ್ಪರ್ಧಿಯ ಜಾಹೀರಾತು ಮೇಲೆ ಬರುತ್ತಿದ್ದರೆ ಉತ್ತರ ಬೇರೆ ಆಗಬಹುದು. ಒಂದೆರಡು ಊರುಗಳಲ್ಲಿ ಮಾತ್ರ ಕೆಲವು ವಾರ ಜಾಹೀರಾತು ನಿಲ್ಲಿಸಿ, ಉಳಿದ ಊರುಗಳ ಮಾರಾಟದ ಪಕ್ಕದಲ್ಲಿಟ್ಟು ನೋಡಿದರೆ ನಿಮ್ಮ ಉತ್ತರ ನಿಮಗೇ ಸಿಗುತ್ತದೆ.